ಕಾಣದ ಕಾಂತತ್ವ: ಲೂಯಿ ನೀಲ್ ಅವರ ಸಂಶೋಧನೆ ಮತ್ತು ಅದರ ವಿದ್ವತ್ ಪ್ರಭಾವ – ಒಂದು ಪ್ರಕರಣ ಅಧ್ಯಯನ

ಸೂಜಿಗಲ್ಲು ಎಂದು ನಾವು ಕರೆಯುವ ಮ್ಯಾಗ್ನೆಟೈಟ್ ಮನುಷ್ಯ ಕಂಡ ಮೊದಲ ಅಯಸ್ಕಾಂತ. ಹಾಗಿದ್ದರೂ ಅದರ ಕಾಂತತ್ವದ ಪ್ರಮಾಣ ಇಷ್ಟೇ ಏಕೆ ಎಂಬ ಪ್ರಶ್ನೆಗೆ 1948ರವರೆಗೂ ತೃಪ್ತಿಕರವಾದ ಉತ್ತರವಿರಲಿಲ್ಲ. ಮ್ಯಾಗ್ನೆಟೈಟಿನ ಒಂದು ಸೂತ್ರ ಘಟಕದಲ್ಲಿ ಕಬ್ಬಿಣದ ಮೂರು ಅಯಾನುಗಳೂ ಆಮ್ಲಜನಕದ ನಾಲ್ಕು ಅಯಾನುಗಳೂ ಇವೆ. ಕಬ್ಬಿಣದ ಮೂರರಲ್ಲಿ ಎರಡು ಫೆರಿಕ್ (ಮೂರು ಎಲೆಕ್ಟ್ರಾನು ಕಳೆದುಕೊಂಡವು), ಒಂದು ಫೆರಸ್ (ಎರಡು ಕಳೆದುಕೊಂಡದ್ದು). ಫೆರಿಕ್ ಅಯಾನಿನ ಕಾಂತ ಮಹತ್ವ, ಅಂದರೆ ಪುಟ್ಟ ಅಯಸ್ಕಾಂತವಾಗಿ ಅದಕ್ಕಿರುವ ಬಲ, 5 ಬೋರ್ ಮ್ಯಾಗ್ನೆಟಾನ್ (ಪರಮಾಣುವಿನ ಮಟ್ಟದಲ್ಲಿ ಅದನ್ನು ಅಳೆಯುವ ಮಾನ), ಫೆರಸ್ ಅಯಾನಿನದು 4. ಮೂರೂ ಒಂದೇ ದಿಕ್ಕಿಗೆ ಮುಖ ಮಾಡಿದ್ದರೆ ಒಟ್ಟು 14 ಬರಬೇಕು. ಅಳತೆಯಲ್ಲಿ ಸಿಗುವುದು ಸುಮಾರು 4.1. ಪ್ರಯೋಗದ ದೋಷವೆಂದು ತಳ್ಳಿಹಾಕಲಾಗದಷ್ಟು ದೊಡ್ಡ ಅಂತರ ಇದು.

ಈ ಅಂತರವನ್ನು ತುಂಬಿದವರು ಫ್ರಾನ್ಸಿನ ಭೌತವಿಜ್ಞಾನಿ ಲೂಯಿ ನೀಲ್ (1904–2000). ಅದಕ್ಕೆ ಅವರು ಬಳಸಿದ ಕಲ್ಪನೆ ಹದಿನಾರು ವರ್ಷ ಹಿಂದೆ, ಸೂಜಿಗಲ್ಲಿಗೆ ಸಂಬಂಧವೇ ಇಲ್ಲದ ಒಂದು ಸಮಸ್ಯೆಯನ್ನು ಬಿಡಿಸಲು ಹೊರಟಾಗ ಹುಟ್ಟಿದ್ದು. ಆ ಕಲ್ಪನೆ ಹುಟ್ಟಿದ ಬಗೆ, ಅದಕ್ಕೆ ಎದುರಾದ ಆಕ್ಷೇಪಣೆ, ಅದು ಸಾಬೀತಾದ ರೀತಿ ಮತ್ತು ತನ್ನ ಕ್ಷೇತ್ರವನ್ನು ದಾಟಿ ಬೇರೆ ಶಾಸ್ತ್ರಗಳಲ್ಲಿ ನೆಲೆಯೂರಿದ ವಿವರ ಈ ಅಧ್ಯಯನದ ವಸ್ತು. ಒಂದು ಸಂಶೋಧನೆಯ ಪ್ರಭಾವವನ್ನು ಅದು ಪ್ರಕಟವಾದ ಮೊದಲ ಕೆಲವು ವರ್ಷಗಳ ಸ್ವಾಗತದಿಂದಲೋ ಉಲ್ಲೇಖಗಳ ಎಣಿಕೆಯಿಂದಲೋ ಅಳೆಯುವ ರೂಢಿಗೆ ನೀಲ್ ಅವರ ಪ್ರಕರಣ ಸುಲಭವಾಗಿ ಒಗ್ಗುವುದಿಲ್ಲ. ಇದನ್ನು ಆರಿಸಿಕೊಂಡಿರುವುದು ಆ ಕಾರಣಕ್ಕೆ.

ಸ್ಟ್ರಾಸ್‌ಬರ್ಗ್, 1928–1936

ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ಸುಪೀರಿಯರ್‌ನಲ್ಲಿ ಓದು ಮುಗಿಸಿದ ನೀಲ್ 1928ರಲ್ಲಿ ಸ್ಟ್ರಾಸ್‌ಬರ್ಗಿಗೆ ಹೋಗಿ ಪಿಯರ್ ವೈಸ್ ಅವರ ಪ್ರಯೋಗಾಲಯವನ್ನು ಸೇರಿದರು. ಆ ಕಾಲದಲ್ಲಿ ಕಾಂತತ್ವದ ಅಧ್ಯಯನಕ್ಕೆ ಅದಕ್ಕಿಂತ ಹೆಸರುವಾಸಿಯಾದ ಜಾಗಗಳು ಹೆಚ್ಚಿರಲಿಲ್ಲ. ಕಬ್ಬಿಣ, ನಿಕಲ್, ಕೋಬಾಲ್ಟ್‌ಗಳ ಬಲವಾದ ಕಾಂತತ್ವವನ್ನು, ಅಂದರೆ ಫೆರೋಕಾಂತತ್ವವನ್ನು, ವೈಸ್ 1907ರಲ್ಲೇ ವಿವರಿಸಿದ್ದರು. ಪ್ರತಿ ಪರಮಾಣುವಿನ ಮೇಲೂ ಉಳಿದೆಲ್ಲ ಪರಮಾಣುಗಳ ಸರಾಸರಿ ಕಾಂತತ್ವಕ್ಕೆ ಅನುಗುಣವಾದ ಒಂದು 'ಅಣು ಕ್ಷೇತ್ರ' ಕೆಲಸ ಮಾಡುತ್ತದೆ, ಅದು ಎಲ್ಲವನ್ನೂ ಒಂದೇ ದಿಕ್ಕಿಗೆ ಸಾಲುಗೂಡಿಸುತ್ತದೆ ಎಂಬುದು ಅವರ ವಾದ. ಕಾಯಿಸುತ್ತ ಹೋದಂತೆ ಈ ಸಾಲು ಕೆಡುತ್ತದೆ; ಕ್ಯೂರಿ ತಾಪಮಾನದಲ್ಲಿ ಪೂರ್ತಿ ಚದುರುತ್ತದೆ.

ಮ್ಯಾಂಗನೀಸ್ ಮತ್ತು ಕ್ರೋಮಿಯಂ ಲೋಹಗಳು ಈ ಚಿತ್ರಕ್ಕೆ ಹೊಂದುತ್ತಿರಲಿಲ್ಲ. ಅವುಗಳ ಕಾಂತ ಪ್ರವೃತ್ತಿ, ಎಂದರೆ ಹೊರಗಿನ ಕಾಂತಕ್ಷೇತ್ರಕ್ಕೆ ಅವು ತೋರುವ ಪ್ರತಿಕ್ರಿಯೆಯ ಪ್ರಮಾಣ, ತಾಪಮಾನ ಬದಲಾದರೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇರುತ್ತಿತ್ತು. ಸಾಧಾರಣ ಪ್ಯಾರಾಕಾಂತೀಯ ವಸ್ತುವಾಗಿದ್ದರೆ, ಅಂದರೆ ಹೊರಗಿನ ಕ್ಷೇತ್ರವಿದ್ದಾಗ ಮಾತ್ರ ದುರ್ಬಲವಾಗಿ ಕಾಂತಗೊಳ್ಳುವಂಥದ್ದಾಗಿದ್ದರೆ, ತಣ್ಣಗಾದಂತೆ ಅದು ಏರಬೇಕಿತ್ತು. 1932ರ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ನೀಲ್ ವೈಸ್ ಅವರ ಸರಾಸರಿಯನ್ನು ಪಕ್ಕಕ್ಕಿಟ್ಟು ಪ್ರತಿ ಪರಮಾಣುವಿನ ಸುತ್ತಲಿನ ನೆರೆಹೊರೆಯನ್ನು ಬೇರೆಯಾಗಿ ನೋಡಿದರು. ನೆರೆಯ ಪರಮಾಣುಗಳ ನಡುವಿನ ಸಂಬಂಧ ಋಣಾತ್ಮಕವಾಗಿದ್ದರೆ, ಅಂದರೆ ಒಂದು ಪರಮಾಣು ಮೇಲ್ಮುಖವಾದಾಗ ಪಕ್ಕದ್ದು ಕೆಳಮುಖವಾಗಲು ಬಯಸಿದರೆ, ತಾಪಮಾನಕ್ಕೆ ಸ್ಪಂದಿಸದ ಈ ಪ್ಯಾರಾಕಾಂತತ್ವವನ್ನು ವಿವರಿಸಬಹುದು ಎಂದು ತೋರಿಸಿದರು.

1936ರ ಲೇಖನದಲ್ಲಿ ಈ ಯೋಚನೆ ಸ್ಪಷ್ಟ ರೂಪ ಪಡೆಯಿತು. ಸ್ಫಟಿಕ ಜಾಲಕವನ್ನು ಎರಡು ಉಪಜಾಲಕಗಳಾಗಿ ವಿಂಗಡಿಸುವುದು. ಒಂದರ ಪರಮಾಣುಗಳೆಲ್ಲ ಒಂದು ದಿಕ್ಕಿಗೆ, ಇನ್ನೊಂದರವು ಎದುರು ದಿಕ್ಕಿಗೆ. ಪ್ರತಿ ಉಪಜಾಲಕಕ್ಕೂ ಪ್ರತ್ಯೇಕವಾದ ಅಣು ಕ್ಷೇತ್ರ. ಒಂದು ನಿರ್ದಿಷ್ಟ ತಾಪಮಾನಕ್ಕಿಂತ ಕೆಳಗೆ ಈ ಎದುರುಬದುರಿನ ವ್ಯವಸ್ಥೆ ತಾನಾಗಿಯೇ ಏರ್ಪಡುತ್ತದೆ, ಆ ತಾಪಮಾನದಲ್ಲಿ ಕಾಂತ ಪ್ರವೃತ್ತಿ ತನ್ನ ಗರಿಷ್ಠ ಮಟ್ಟವನ್ನು ಮುಟ್ಟುತ್ತದೆ. ಇಂದು ಅದನ್ನು ನೀಲ್ ತಾಪಮಾನ ಎನ್ನುತ್ತಾರೆ; ಇಂಥ ವಸ್ತುಗಳಿಗೆ ಆಂಟಿಫೆರೋಕಾಂತೀಯ ಎಂಬ ಹೆಸರಿದೆ.

ಕಲ್ಪನೆಯ ತೊಡಕು ಅದರ ಒಳಗೇ ಇತ್ತು. ಎರಡು ಉಪಜಾಲಕಗಳು ಸರಿಸಮವಾಗಿ ಎದುರು ನಿಂತರೆ ಒಟ್ಟು ಕಾಂತತ್ವ ಸೊನ್ನೆ. ಹೊರಗಿನಿಂದ ಸೂಜಿ ಹಿಡಿದು ನೋಡಿದವನಿಗೆ ಅಲ್ಲಿ ವ್ಯವಸ್ಥೆ ಇದೆಯೋ ಅವ್ಯವಸ್ಥೆ ಇದೆಯೋ ತಿಳಿಯುವಂತಿಲ್ಲ. 1938ರಲ್ಲಿ ಬಿಜೆಟ್, ಸ್ಕ್ವೈರ್ ಮತ್ತು ತ್ಸಾಯ್ ಎಂಬ ಮೂವರು ಮ್ಯಾಂಗನೀಸ್ ಆಕ್ಸೈಡಿನ ಕಾಂತ ಪ್ರವೃತ್ತಿಯನ್ನು ಅಳೆದು, ಸುಮಾರು 116 ಕೆಲ್ವಿನ್‌ನಲ್ಲಿ ಅದರ ರೇಖೆ ಚೂಪಾಗಿ ಮೇಲೇರಿ ಇಳಿಯುವುದನ್ನು ಕಂಡರು. ಇದು ಬಲವಾದ ಸೂಚನೆ. ಆದರೂ ಒಳಗೆ ಎರಡು ಉಪಜಾಲಕಗಳೇ ಇವೆ ಎಂಬುದಕ್ಕೆ ಪುರಾವೆಯಲ್ಲ. ಅಂಥ ರೇಖೆಯನ್ನು ಬೇರೆ ಕಾರಣಗಳಿಂದಲೂ ವಿವರಿಸಲು ಪ್ರಯತ್ನಿಸಬಹುದಿತ್ತು.

ಆಕ್ಷೇಪಣೆ

ನೀಲ್ ಅವರ ಚಿತ್ರವನ್ನು ಒಪ್ಪಲು ಹಿಂಜರಿದವರು ಸಾಮಾನ್ಯರಲ್ಲ, ಹಿಂಜರಿಕೆಗೆ ತಕ್ಕ ಕಾರಣವೂ ಇತ್ತು. ಕ್ವಾಂಟಮ್ ಯಂತ್ರಶಾಸ್ತ್ರದ ಪ್ರಕಾರ ನೆರೆಯ ಎರಡು ಸ್ಪಿನ್‌ಗಳು (ಎಲೆಕ್ಟ್ರಾನನ್ನು ಪುಟ್ಟ ಅಯಸ್ಕಾಂತವಾಗಿಸುವ ಗುಣಕ್ಕೆ ಸ್ಪಿನ್ ಎಂದು ಹೆಸರು) ಎದುರು ದಿಕ್ಕಿನಲ್ಲಿ ಸೇರಿಕೊಂಡಾಗ 'ಇದು ಮೇಲೆ, ಅದು ಕೆಳಗೆ' ಎಂಬ ಸ್ಥಿತಿ ಸ್ಥಿರವಾಗಿ ನಿಲ್ಲುವುದಿಲ್ಲ. ಅವು ದಿಕ್ಕು ಅದಲುಬದಲು ಮಾಡಿಕೊಳ್ಳುತ್ತಲೇ ಇರುತ್ತವೆ. ಫೆರೋಕಾಂತೀಯ ವಸ್ತುವಿನಲ್ಲಿ ಎಲ್ಲವೂ ಒಂದೇ ದಿಕ್ಕಿಗಿರುವ ಸ್ಥಿತಿ ಗಣಿತದ ಪ್ರಕಾರ ನಿಖರವಾದ ಕನಿಷ್ಠ ಶಕ್ತಿಯ ಸ್ಥಿತಿ. ನೀಲ್ ಅವರ ಎದುರುಬದುರಿನ ಸ್ಥಿತಿಗೆ ಆ ಯೋಗ್ಯತೆ ಇಲ್ಲ. ಹಾನ್ಸ್ ಬೆತೆ 1931ರಲ್ಲಿ ಸ್ಪಿನ್‌ಗಳ ಏಕಸಾಲಿನ ಸರಪಳಿಗೆ ಹೊಂದುವ ನಿಖರವಾದ ಗಣಿತವನ್ನು ಕಂಡುಕೊಂಡಿದ್ದರು. ಅದನ್ನು ಋಣಾತ್ಮಕ ಸಂಬಂಧಕ್ಕೆ ಅನ್ವಯಿಸಿದಾಗ ಮೇಲೆ-ಕೆಳಗೆ ಎಂಬ ದೀರ್ಘ ವ್ಯಾಪ್ತಿಯ ವ್ಯವಸ್ಥೆ ಸಿಗಲಿಲ್ಲ. ಲೆವ್ ಲಂಡಾವ್ 1933ರಲ್ಲಿ ಸ್ವತಂತ್ರವಾಗಿಯೇ, ಒಂದು ಪದರ ಮೇಲ್ಮುಖ, ಮುಂದಿನ ಪದರ ಕೆಳಮುಖ ಎಂಬಂಥ ರಚನೆಯನ್ನು ಕೆಲವು ಕ್ಲೋರೈಡುಗಳಿಗೆ ಸೂಚಿಸಿದ್ದರೆಂಬುದನ್ನೂ ಇಲ್ಲಿ ಹೇಳಬೇಕು. ಯೋಚನೆ ಒಬ್ಬರ ಆಸ್ತಿಯಾಗಿರಲಿಲ್ಲ. ಅದನ್ನು ಪಟ್ಟುಹಿಡಿದು, ವಸ್ತುವಿನಿಂದ ವಸ್ತುವಿಗೆ ಲೆಕ್ಕ ಹಾಕುತ್ತ ಬೆಳೆಸಿದ್ದು ನೀಲ್ ಅವರ ಪಾಲು.

ಆಕ್ಷೇಪಣೆಗೆ ಪೂರ್ಣ ಉತ್ತರ ಬಂದದ್ದು ತೀರ ತಡವಾಗಿ. ಫಿಲಿಪ್ ಆಂಡರ್ಸನ್ 1952ರಲ್ಲಿ ಸ್ಪಿನ್ ಅಲೆಗಳ, ಅಂದರೆ ಸ್ಪಿನ್‌ಗಳ ಸಾಲಿನಲ್ಲಿ ಹರಿಯುವ ಅಲುಗಾಟದ, ವಿಧಾನದಿಂದ, ಕ್ವಾಂಟಮ್ ಚಲನೆ ಉಪಜಾಲಕದ ಕಾಂತತ್ವವನ್ನು ಕುಗ್ಗಿಸುತ್ತದೆಯೇ ಹೊರತು ಎರಡು ಮತ್ತು ಮೂರು ಆಯಾಮಗಳಲ್ಲಿ ಅಳಿಸಿಹಾಕುವುದಿಲ್ಲ ಎಂದು ತೋರಿಸಿದರು. ಸ್ಪಿನ್ ಅರ್ಧ ಇರುವ ಚೌಕ ಜಾಲಕದಲ್ಲಿ ಪೂರ್ಣ ಮೌಲ್ಯದ ಸುಮಾರು 60 ಶೇಕಡಾ ಉಳಿಯುತ್ತದೆ. ಸ್ಪಿನ್ ದೊಡ್ಡದಾದಷ್ಟೂ, ಆಯಾಮ ಹೆಚ್ಚಿದಷ್ಟೂ ನೀಲ್ ಅವರ ಚಿತ್ರ ನಿಜಕ್ಕೆ ಹತ್ತಿರ. ಆಕ್ಷೇಪಣೆ ಎತ್ತಿದವರು ಗಣಿತದಲ್ಲಿ ಸರಿಯಿದ್ದರು, ನೀಲ್ ವಸ್ತುವಿನಲ್ಲಿ ಸರಿಯಿದ್ದರು ಎನ್ನುವುದು ನ್ಯಾಯವಾದ ತೀರ್ಪು. ಆ ಆಕ್ಷೇಪಣೆಯೇ ಮುಂದೆ ಒಂದು ಸಂಶೋಧನಾ ಕ್ಷೇತ್ರವಾಗಿ ಬೆಳೆಯಿತು. 1986ರ ನಂತರ ಅಧಿಕ ತಾಪಮಾನದ ಅತಿವಾಹಕಗಳು (ವಿದ್ಯುತ್ತಿಗೆ ರೋಧವನ್ನೇ ಒಡ್ಡದ ವಸ್ತುಗಳು) ಸಿಕ್ಕಾಗ ಅವುಗಳ ಮೂಲ ವಸ್ತುವಾದ ಲ್ಯಾಂಥನಮ್ ತಾಮ್ರದ ಆಕ್ಸೈಡ್ ಆಂಟಿಫೆರೋಕಾಂತೀಯ ಎಂದು ತಿಳಿಯಿತು, ಚೌಕ ಜಾಲಕದ ಆ ಹಳೆಯ ಲೆಕ್ಕ ಮತ್ತೆ ಎಲ್ಲರ ಮೇಜಿನ ಮೇಲೆ ಬಂತು.

ಇದಕ್ಕಿಂತ ಮುಜುಗರದ ಸಂಗತಿ ಇನ್ನೊಂದಿದೆ. ಯಾವ ಲೋಹವನ್ನು ವಿವರಿಸಲು ನೀಲ್ ಈ ದಾರಿ ಹಿಡಿದರೋ ಆ ಕ್ರೋಮಿಯಂ ಅವರ ಸರಳ ಎರಡು ಉಪಜಾಲಕಗಳ ಮಾದರಿಗೆ ಸರಿಯಾಗಿ ಕೂಡಲಿಲ್ಲ. ಸುಮಾರು 311 ಕೆಲ್ವಿನ್‌ಗಿಂತ ಕೆಳಗೆ ಅದು ಆಂಟಿಫೆರೋಕಾಂತೀಯವೇನೋ ಹೌದು. ಆದರೆ ಅಲ್ಲಿರುವುದು ಪರಮಾಣುಗಳಿಗೆ ಅಂಟಿಕೊಂಡ ಸ್ಥಿರ ಸ್ಪಿನ್‌ಗಳಲ್ಲ, ಲೋಹದಲ್ಲಿ ಓಡಾಡುವ ಎಲೆಕ್ಟ್ರಾನುಗಳ ಸ್ಪಿನ್ ಸಾಂದ್ರತೆಯ ಅಲೆ. ಅದರ ತರಂಗಾಂತರ ಜಾಲಕದ ಅಳತೆಗೆ ಲೆಕ್ಕಕೂಡಿ ಬರುವುದೂ ಇಲ್ಲ. ಮಾದರಿ ಹುಟ್ಟಿದ್ದು ಲೋಹದಲ್ಲಿ, ಅದು ನಿಜಕ್ಕೂ ಸಲ್ಲುವುದು ವಿದ್ಯುತ್ ಹರಿಯದ ಆಕ್ಸೈಡುಗಳಲ್ಲಿ.

ನ್ಯೂಟ್ರಾನ್ ಸಾಕ್ಷಿ

ಎಕ್ಸ್ ಕಿರಣಗಳು ಸ್ಫಟಿಕದಲ್ಲಿ ಎಲೆಕ್ಟ್ರಾನುಗಳ ಮೋಡ ಎಲ್ಲೆಲ್ಲಿ ದಟ್ಟವಾಗಿದೆ ಎಂದು ಹೇಳಬಲ್ಲವು. ಸ್ಪಿನ್ ಯಾವ ದಿಕ್ಕಿಗಿದೆ ಎಂಬುದು ಅವುಗಳಿಗೆ ಆ ಕಾಲದ ಸಲಕರಣೆಗಳಲ್ಲಿ ಕಾಣುತ್ತಿರಲಿಲ್ಲ. ನ್ಯೂಟ್ರಾನಿಗೆ ವಿದ್ಯುದಾವೇಶವಿಲ್ಲ, ಆದರೆ ಅದು ತಾನೇ ಒಂದು ಪುಟ್ಟ ಅಯಸ್ಕಾಂತ. ಮೇಲ್ಮುಖದ ಮ್ಯಾಂಗನೀಸ್ ಅಯಾನೂ ಕೆಳಮುಖದ ಮ್ಯಾಂಗನೀಸ್ ಅಯಾನೂ ಅದಕ್ಕೆ ಎರಡು ಬೇರೆ ಬೇರೆ ವಸ್ತುಗಳಂತೆ ಕಾಣುತ್ತವೆ. ಹೀಗೆ ನೋಡಲು ನ್ಯೂಟ್ರಾನುಗಳು ಧಾರಾಳವಾಗಿ ಬೇಕು, ಅವು ಸಿಗುವುದು ಪರಮಾಣು ರಿಯಾಕ್ಟರಿನಲ್ಲಿ. ಅಮೆರಿಕದ ಓಕ್ ರಿಜ್‌ನಲ್ಲಿ 1943ರಲ್ಲಿ ಚಾಲನೆಗೆ ಬಂದ ಗ್ರಾಫೈಟ್ ರಿಯಾಕ್ಟರ್ ಯುದ್ಧಕ್ಕಾಗಿ, ಪ್ಲುಟೋನಿಯಂ ತಯಾರಿಕೆಯ ಪ್ರಯೋಗಕ್ಕಾಗಿ ಕಟ್ಟಿದ್ದು. ಯುದ್ಧ ಮುಗಿದ ಮೇಲೆ ಅರ್ನೆಸ್ಟ್ ವೊಲನ್ ಮತ್ತು ಕ್ಲಿಫರ್ಡ್ ಶಲ್ ಅದರ ನ್ಯೂಟ್ರಾನುಗಳನ್ನು ಸ್ಫಟಿಕಗಳ ಕಡೆಗೆ ತಿರುಗಿಸಿದರು.

ಶಲ್ ಮತ್ತು ಸ್ಯಾಮ್ಯುಯೆಲ್ ಸ್ಮಾರ್ಟ್ 1949ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮ್ಯಾಂಗನೀಸ್ ಆಕ್ಸೈಡಿನ ಪುಡಿಯನ್ನು ಮೊದಲು ಕೋಣೆಯ ತಾಪಮಾನದಲ್ಲಿ, ಆಮೇಲೆ ಸುಮಾರು 80 ಕೆಲ್ವಿನ್‌ನಲ್ಲಿ ನ್ಯೂಟ್ರಾನುಗಳಿಗೆ ಒಡ್ಡಿ ಅವರು ವಿವರ್ತನೆಯ ನಕ್ಷೆಯನ್ನು, ಅಂದರೆ ಯಾವ ಕೋನಕ್ಕೆ ಎಷ್ಟು ನ್ಯೂಟ್ರಾನುಗಳು ಚದುರಿದವು ಎಂಬ ನಕ್ಷೆಯನ್ನು, ತೆಗೆದರು. ಬಿಸಿಯಿರುವಾಗ ಸ್ಫಟಿಕ ರಚನೆಗೆ ತಕ್ಕ ಶಿಖರಗಳು ಮಾತ್ರ ಇದ್ದವು. ತಣ್ಣಗಾದಾಗ, ಸಣ್ಣ ಕೋನಗಳಲ್ಲಿ, ರಾಸಾಯನಿಕ ರಚನೆಯ ಪ್ರಕಾರ ಯಾವ ಶಿಖರವೂ ಇರಕೂಡದ ಜಾಗದಲ್ಲಿ ಹೊಸ ಶಿಖರಗಳು ಎದ್ದು ನಿಂತವು. ಅವುಗಳ ಸ್ಥಾನಕ್ಕೆ ಅರ್ಥ ಬರಬೇಕಾದರೆ ಘಟಕ ಕೋಶದ ಅಂಚು 4.43 ಆಂಗ್‌ಸ್ಟ್ರಾಮ್ ಬದಲು 8.85 ಆಂಗ್‌ಸ್ಟ್ರಾಮ್, ಅಂದರೆ ಎರಡರಷ್ಟು, ಎಂದು ಇಟ್ಟುಕೊಳ್ಳಬೇಕಾಗಿತ್ತು. ಪರಮಾಣುಗಳು ಎಂದಿನ ಜಾಗದಲ್ಲೇ ಇದ್ದವು. ಎರಡರಷ್ಟಾದದ್ದು ಸ್ಪಿನ್‌ಗಳ ವಿನ್ಯಾಸ ಮತ್ತೆ ಮೊದಲಿನಂತೆ ಬರಲು ಬೇಕಾದ ದೂರ. ಒಂದು ಸ್ಫಟಿಕ ತಲದ ಸ್ಪಿನ್‌ಗಳೆಲ್ಲ ಒಂದು ಕಡೆಗೆ, ಮುಂದಿನ ತಲದವು ಎದುರು ಕಡೆಗೆ.

ಈ ನಕ್ಷೆ ಇನ್ನೊಂದು ಪ್ರಶ್ನೆಯನ್ನೂ ಹುಟ್ಟಿಸಿತು. ಖಚಿತವಾಗಿ ಎದುರುಬದುರು ನಿಂತ ಮ್ಯಾಂಗನೀಸ್ ಅಯಾನುಗಳು ಅತಿ ಹತ್ತಿರದ ನೆರೆಯವಲ್ಲ, ನಡುವೆ ಒಂದು ಆಮ್ಲಜನಕವನ್ನು ಇಟ್ಟುಕೊಂಡು ಒಂದೇ ಸರಳರೇಖೆಯಲ್ಲಿ ಇರುವಂಥವು. ಕಾಂತವಲ್ಲದ ಆಮ್ಲಜನಕ ಎರಡರ ನಡುವೆ ಮಧ್ಯವರ್ತಿಯಾಗುತ್ತದೆ ಎಂದು ಹೆಂಡ್ರಿಕ್ ಕ್ರಾಮರ್ಸ್ 1934ರಲ್ಲೇ ಹೇಳಿದ್ದರು. ಆಂಡರ್ಸನ್ 1950ರಲ್ಲಿ ಅದನ್ನು ಕೈಗೆತ್ತಿಕೊಂಡು ಬೆಳೆಸಿದರು. ಆಕ್ಸೈಡುಗಳ ಕಾಂತತ್ವದ ಬಗ್ಗೆ ಇಂದು ಬರೆಯುವ ಯಾರೂ ಈ ಸೂಪರ್‌ಎಕ್ಸ್‌ಚೇಂಜ್ ಎಂಬ ವಿಚಾರವನ್ನು ಬಿಟ್ಟು ಮುಂದೆ ಹೋಗಲಾರರು.

1936ರಿಂದ 1949ಕ್ಕೆ ಹದಿಮೂರು ವರ್ಷ. ಈ ಅವಧಿಯಲ್ಲಿ ನೀಲ್ ಅವರ ಸಿದ್ಧಾಂತದಲ್ಲಿ ಕೊರತೆಯಿತ್ತು ಎನ್ನುವುದಕ್ಕಿಂತ ಅದನ್ನು ನೋಡುವ ಕಣ್ಣು ಇನ್ನೂ ತಯಾರಾಗಿರಲಿಲ್ಲ ಎನ್ನುವುದು ಸರಿ. ಆ ಹದಿಮೂರು ವರ್ಷಗಳ ನಡುವೆ ಯಾರಾದರೂ ಈ ಸಂಶೋಧನೆಯ ಪ್ರಭಾವವನ್ನು ತೂಗಿದ್ದರೆ ತಕ್ಕಡಿ ಹೆಚ್ಚು ಬಾಗುತ್ತಿರಲಿಲ್ಲ.

ಸತು ಬೆರೆಸಿದರೆ ಹೆಚ್ಚುವ ಕಾಂತತ್ವ

ಎರಡನೆಯ ಮಹಾಯುದ್ಧದ ಆರಂಭದಲ್ಲಿ ನೀಲ್ ಫ್ರೆಂಚ್ ನೌಕಾಪಡೆಗಾಗಿ ದುಡಿದರು. ಜರ್ಮನಿ ಸಮುದ್ರದಲ್ಲಿ ಹುದುಗಿಸಿದ ಕಾಂತೀಯ ಬಾಂಬುಗಳು ಉಕ್ಕಿನ ಹಡಗಿನ ಕಾಂತಕ್ಷೇತ್ರವನ್ನು ಗುರುತಿಸಿ ಸಿಡಿಯುತ್ತಿದ್ದವು. ಭೂಮಿಯ ಕ್ಷೇತ್ರ ಹಡಗಿನಲ್ಲಿ ಹುಟ್ಟಿಸುವ ಕಾಂತತ್ವಕ್ಕೆ ಸಮನಾದ, ಎದುರು ದಿಕ್ಕಿನ ಶಾಶ್ವತ ಕಾಂತತ್ವವನ್ನು ಹಡಗಿಗೇ ಕೊಟ್ಟುಬಿಡುವ ಉಪಾಯವನ್ನು ಅವರು ರೂಪಿಸಿದರು. ನೂರಾರು ಹಡಗುಗಳಿಗೆ ಅದನ್ನು ಅನ್ವಯಿಸಲಾಯಿತು. 1940ರಲ್ಲಿ ಫ್ರಾನ್ಸ್ ಸೋತ ಮೇಲೆ ಅವರು ಗ್ರೆನೋಬಲ್‌ಗೆ ಹೋದರು, ಮುಂದೆ ಅಲ್ಲೇ ನೆಲೆಸಿದರು.

ಇತ್ತ ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ ಫಿಲಿಪ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ಸ್ನೂಕ್ ಮತ್ತು ಸಂಗಡಿಗರು ಫೆರೈಟ್‌ಗಳನ್ನು, ಅಂದರೆ ಮ್ಯಾಗ್ನೆಟೈಟಿನ ಜಾತಿಯ ಕಬ್ಬಿಣದ ಆಕ್ಸೈಡುಗಳನ್ನು, ಕೈಗಾರಿಕಾ ವಸ್ತುವಾಗಿ ಬೆಳೆಸುತ್ತಿದ್ದರು. ತಂತಿ ಸುರುಳಿಯೊಳಗಿನ ಕಬ್ಬಿಣದ ತಿರುಳಿನಲ್ಲಿ ಅಧಿಕ ಆವೃತ್ತಿಯಲ್ಲಿ ಸುಳಿ ಪ್ರವಾಹಗಳು ಎದ್ದು ಶಕ್ತಿ ಶಾಖವಾಗಿ ಸೋರಿಹೋಗುತ್ತದೆ. ಫೆರೈಟ್ ವಿದ್ಯುತ್ತಿಗೆ ಹೆಚ್ಚಿನ ರೋಧ ಒಡ್ಡುವುದರಿಂದ ಆ ಸೋರಿಕೆ ಬಲು ಕಡಿಮೆ. ಯಾವುದನ್ನು ಬೆರೆಸಿದರೆ ಏನಾಗುತ್ತದೆ ಎಂಬ ಅನುಭವಜ್ಞಾನ ಅಲ್ಲಿ ಬೇಕಾದಷ್ಟಿತ್ತು. ಏಕೆ ಹಾಗಾಗುತ್ತದೆ ಎಂಬುದು ತಿಳಿದಿರಲಿಲ್ಲ.

1948ರಲ್ಲಿ ಆನಾಲ್ಸ್ ದ ಫಿಜಿಕ್ ಪತ್ರಿಕೆಯಲ್ಲಿ ಬಂದ ನೀಲ್ ಅವರ ದೀರ್ಘ ಲೇಖನ ಈ ಏಕೆಗೆ ಉತ್ತರ. ಉಪಜಾಲಕಗಳು ಎರಡಿದ್ದು, ಅವು ಎದುರುಬದುರಾಗಿದ್ದು, ಸರಿಸಮವಾಗಿ ಇಲ್ಲದಿದ್ದರೆ ಏನಾಗುತ್ತದೆ? ಒಂದರಿಂದ ಇನ್ನೊಂದನ್ನು ಕಳೆದು ಉಳಿದದ್ದು ಹೊರಗೆ ಕಾಣುತ್ತದೆ. ಇಂಥ ಕಾಂತತ್ವಕ್ಕೆ ಅವರು ಫೆರಿಕಾಂತತ್ವ ಎಂದು ಹೆಸರಿಟ್ಟರು. ಫೆರೈಟಿನ ಸ್ಪಿನೆಲ್ ರಚನೆಯಲ್ಲಿ ಲೋಹದ ಅಯಾನುಗಳು ಕೂರಲು ಎರಡು ಬಗೆಯ ಜಾಗಗಳಿವೆ: ನಾಲ್ಕು ಆಮ್ಲಜನಕಗಳ ನಡುವಿನ ಚತುಷ್ಫಲಕ ಜಾಗ, ಆರು ಆಮ್ಲಜನಕಗಳ ನಡುವಿನ ಅಷ್ಟಫಲಕ ಜಾಗ. ಮ್ಯಾಗ್ನೆಟೈಟಿನಲ್ಲಿ ಒಂದು ಫೆರಿಕ್ ಅಯಾನು ಮೊದಲನೆಯದರಲ್ಲಿ, ಇನ್ನೊಂದು ಫೆರಿಕ್ ಮತ್ತು ಫೆರಸ್ ಎರಡನೆಯದರಲ್ಲಿ ಕೂತಿರುತ್ತವೆ. ಫೆರಿಕ್ ಎರಡೂ ಪರಸ್ಪರ ಕಳೆದುಹೋಗುತ್ತವೆ. ಉಳಿಯುವುದು ಫೆರಸ್ಸಿನ 4. ಅಳತೆ 4.1.

ಕೂಡಿಸು-ಕಳೆ ಮಟ್ಟದ ಈ ಲೆಕ್ಕ ಮನಸ್ಸಿಗೆ ಹಿಡಿಸುವಂಥದ್ದೇ. ಆದರೆ ಒಂದೇ ಸಂಖ್ಯೆ ಹೊಂದಿದರೆ ಕಾಕತಾಳೀಯ ಎನ್ನಬಹುದು. ಸಂದೇಹಕ್ಕೆ ಎಡೆಯಿಲ್ಲದಂತೆ ಮಾಡಿದ್ದು ಸತುವಿನ ಉದಾಹರಣೆ. ಸತುವಿನ ಅಯಾನಿಗೆ ಕಾಂತ ಮಹತ್ವವೇ ಇಲ್ಲ. ನಿಕಲ್ ಫೆರೈಟಿನಲ್ಲಿ ನಿಕಲ್ ಬದಲು ಸ್ವಲ್ಪ ಸ್ವಲ್ಪವಾಗಿ ಸತುವನ್ನು ಸೇರಿಸುತ್ತ ಹೋದರೆ ಕಾಂತತ್ವ ಕಡಿಮೆಯಾಗಬೇಕು ಎಂದು ಯಾರಾದರೂ ಊಹಿಸುತ್ತಾರೆ. ಆಗುವುದು ಅದಕ್ಕೆ ವಿರುದ್ಧ, ಕಾಂತತ್ವ ಏರುತ್ತದೆ. ಸತುವಿಗೆ ಚತುಷ್ಫಲಕ ಜಾಗವೇ ಇಷ್ಟ. ಅದು ಅಲ್ಲಿ ಬಂದು ಕೂತಾಗ ಅಲ್ಲಿದ್ದ ಫೆರಿಕ್ ಅಯಾನು ಎದುರು ಪಕ್ಷವಾದ ಅಷ್ಟಫಲಕ ಜಾಗಕ್ಕೆ ಸರಿಯುತ್ತದೆ. ಒಂದು ಪಕ್ಷ 5 ಕಳೆದುಕೊಂಡಿತು, ಇನ್ನೊಂದು ನಿಕಲ್‌ನ 2 ಬಿಟ್ಟುಕೊಟ್ಟು 5 ಪಡೆಯಿತು. ವ್ಯತ್ಯಾಸ 2ರಿಂದ 10ರ ಕಡೆಗೆ ಏರತೊಡಗುತ್ತದೆ. ಸತು ಅರ್ಧದ ಆಸುಪಾಸು ತಲುಪುವ ಹೊತ್ತಿಗೆ ಚತುಷ್ಫಲಕ ಪಕ್ಷ ಎಷ್ಟು ತೆಳುವಾಗುತ್ತದೆಂದರೆ ಎದುರು ಪಕ್ಷವನ್ನು ಒಂದೇ ಸಾಲಿನಲ್ಲಿ ಹಿಡಿದಿಡುವ ಶಕ್ತಿ ಅದಕ್ಕೆ ಉಳಿಯುವುದಿಲ್ಲ, ರೇಖೆ ಬಾಗಿ ಕೆಳಗಿಳಿಯುತ್ತದೆ. ಪೂರ್ತಿ ಸತುವಾದ ಫೆರೈಟ್ ಕೋಣೆಯ ತಾಪಮಾನದಲ್ಲಿ ಅಯಸ್ಕಾಂತಕ್ಕೆ ಅಂಟುವುದೇ ಇಲ್ಲ. ಏರಿಕೆಯ ಇಳಿಜಾರು, ಬಾಗುವ ಕಾರಣ, ಕೊನೆಯ ಸೊನ್ನೆ ಮೂರೂ ಒಂದೇ ಕಲ್ಪನೆಯಿಂದ ಹೊರಬರುತ್ತವೆ.

ಲೇಖನದಲ್ಲಿ ಒಂದು ವಿಚಿತ್ರ ಭವಿಷ್ಯವೂ ಇತ್ತು. ಎರಡು ಉಪಜಾಲಕಗಳ ಕಾಂತತ್ವ ತಾಪಮಾನದೊಂದಿಗೆ ಬೇರೆ ಬೇರೆ ವೇಗದಲ್ಲಿ ಇಳಿಯುವುದಾದರೆ, ಕ್ಯೂರಿ ತಾಪಮಾನಕ್ಕೆ ಮುಂಚೆಯೇ ಒಂದು ಹಂತದಲ್ಲಿ ಎರಡೂ ಸಮವಾಗಿ ಒಟ್ಟು ಕಾಂತತ್ವ ಸೊನ್ನೆಯಾಗಬಹುದು, ಹಾಗಾದರೆ ಆ ಹಂತ ದಾಟಿದೊಡನೆ ಮತ್ತೆ ಕಾಣಿಸಿಕೊಳ್ಳಬೇಕು. ಫಿಲಿಪ್ಸ್‌ನ ಗೋರ್ಟರ್ ಮತ್ತು ಶುಲ್ಕೆಸ್ 1953ರಲ್ಲಿ ಲಿಥಿಯಂ ಕ್ರೋಮಿಯಂ ಫೆರೈಟಿನಲ್ಲಿ ಇದನ್ನು ಕಂಡರು. 1956ರಲ್ಲಿ ಗ್ರೆನೋಬಲ್‌ನಲ್ಲೇ ಬೆರ್ತೋ ಮತ್ತು ಫೊರಾ ಕಬ್ಬಿಣದ ಗಾರ್ನೆಟ್‌ಗಳನ್ನು ಪತ್ತೆಹಚ್ಚಿದಾಗ ಇನ್ನೂ ಚೊಕ್ಕವಾದ ಉದಾಹರಣೆ ಸಿಕ್ಕಿತು. ಇಟ್ರಿಯಂ ಗಾರ್ನೆಟಿನಲ್ಲಿ ಮೂರು ಫೆರಿಕ್ ಅಯಾನುಗಳು ಒಂದು ಕಡೆ, ಎರಡು ಇನ್ನೊಂದು ಕಡೆ: 15ರಲ್ಲಿ 10 ಕಳೆದರೆ 5, ಅಳತೆಯೂ 5ಕ್ಕೆ ಅತಿ ಹತ್ತಿರ. ಇಟ್ರಿಯಂ ಬದಲು ಗ್ಯಾಡೊಲಿನಿಯಂ ಇಟ್ಟರೆ ಮೂರನೆಯ ಪಕ್ಷವೊಂದು ಸೇರಿ, ಸುಮಾರು 290 ಕೆಲ್ವಿನ್ ಹತ್ತಿರ, ಅಂದರೆ ಕೋಣೆಯ ತಾಪಮಾನದ ಅಂಚಿನಲ್ಲೇ, ಕಾಂತತ್ವ ಮಾಯವಾಗಿ ಮತ್ತೆ ಬರುತ್ತದೆ. ಇಟ್ರಿಯಂ ಗಾರ್ನೆಟ್ ಮೈಕ್ರೋವೇವ್ ಸಾಧನಗಳಿಗೂ ಸ್ಪಿನ್ ಅಲೆಗಳ ಮೂಲಭೂತ ಪ್ರಯೋಗಗಳಿಗೂ ಇಂದಿಗೂ ಮೊದಲ ಆಯ್ಕೆಯ ವಸ್ತು.

ಸಿದ್ಧಾಂತ ಗ್ರೆನೋಬಲ್‌ನದು, ಮಾದರಿಗಳು ಹಾಗೂ ಅಳತೆಗಳಲ್ಲಿ ಬಹುಪಾಲು ಐಂಡ್‌ಹೋವನ್‌ನವು. ಗೋರ್ಟರ್ ತಮ್ಮ ವಿಸ್ತೃತ ಫಲಿತಾಂಶಗಳನ್ನು 1954ರಲ್ಲಿ ಪ್ರಕಟಿಸಿದ್ದು ಕಂಪನಿಯ ಸ್ವಂತ ಸಂಶೋಧನಾ ಪತ್ರಿಕೆಯಲ್ಲಿ. ಫೆರೈಟ್ ರೇಡಿಯೋ ಆಂಟೆನಾದ ಕಡ್ಡಿಯಾಗಿ, ಟಿ.ವಿ.ಯ ಸುರುಳಿಯ ತಿರುಳಾಗಿ, ಕಂಪ್ಯೂಟರಿನ ಕೋರ್ ಮೆಮೊರಿಯ ಉಂಗುರವಾಗಿ ಲೋಕ ತುಂಬಿತು. ಅವುಗಳನ್ನು ತಯಾರಿಸಿದವರು ಸತುವಿನ ಪ್ರಮಾಣ ನಿರ್ಧರಿಸುವಾಗ ನೀಲ್ ಅವರನ್ನು ಅಡಿಟಿಪ್ಪಣಿಯಲ್ಲಿ ಸ್ಮರಿಸಬೇಕಾದ ಅಗತ್ಯವಿರಲಿಲ್ಲ.

ಸುಟ್ಟ ಮಣ್ಣಿನ ಲೇಖನ

ವಿದ್ವತ್ ಪ್ರಭಾವದ ದೃಷ್ಟಿಯಿಂದ ನನಗೆ ಅತ್ಯಂತ ಕುತೂಹಲದ್ದಾಗಿ ಕಾಣುವುದು 1949ರಲ್ಲಿ ಭೂಭೌತ ಪತ್ರಿಕೆಯೊಂದರಲ್ಲಿ ಬಂದ ನೀಲ್ ಅವರ ಲೇಖನ. ಫ್ರೆಂಚ್ ಭೂಭೌತವಿಜ್ಞಾನಿ ಎಮಿಲ್ ತೆಲಿಯೆ ಸುಟ್ಟ ಮಣ್ಣಿನಲ್ಲಿ ಉಳಿದಿರುವ ಕಾಂತತ್ವದಿಂದ ಹಿಂದಿನ ಕಾಲದ ಭೂಕಾಂತ ಕ್ಷೇತ್ರವನ್ನು ತಿಳಿಯಲು ಯತ್ನಿಸುತ್ತಿದ್ದರು. ಇಟ್ಟಿಗೆಯಲ್ಲಿರುವ ಸೂಕ್ಷ್ಮ ಕಾಂತೀಯ ಕಣ ಶತಮಾನಗಳ ಕಾಲ ತನ್ನ ದಿಕ್ಕನ್ನು ನೆನಪಿಟ್ಟುಕೊಳ್ಳುವುದು ಹೇಗೆ? ಒಂದೇ ಕಾಂತ ವಲಯವಿರುವ, ಅಂದರೆ ಪೂರ್ತಿಯಾಗಿ ಒಂದೇ ದಿಕ್ಕಿಗೆ ಕಾಂತಗೊಂಡ, ಕಣದ ದಿಕ್ಕನ್ನು ತಾಪದ ಅಲುಗಾಟ ತಲೆಕೆಳಗು ಮಾಡಲು ಹಿಡಿಯುವ ಸರಾಸರಿ ಕಾಲವು ಕಣದ ಗಾತ್ರಕ್ಕೆ ಘಾತೀಯವಾಗಿ ಹೆಚ್ಚುತ್ತದೆ ಎಂದು ನೀಲ್ ತೋರಿಸಿದರು. ದಿಕ್ಕು ತಿರುಗಲು ದಾಟಬೇಕಾದ ತಡೆಗೋಡೆಯ ಶಕ್ತಿಯನ್ನು ತಾಪಶಕ್ತಿಯಿಂದ ಭಾಗಿಸಿದಾಗ 25 ಬಂದರೆ, ಮೂಲ ಕಾಲಮಾನವನ್ನು ಒಂದು ನ್ಯಾನೊಸೆಕೆಂಡ್ ಎಂದು ಹಿಡಿದು, ಕಣದ ನೆನಪು ಸುಮಾರು 72 ಸೆಕೆಂಡ್. ಅದೇ ಭಾಗಲಬ್ಧ 60 ಆದರೆ ನೆನಪು ಸುಮಾರು 360 ಕೋಟಿ ವರ್ಷ. 25ರಿಂದ 60ಕ್ಕೆ ಹೋಗಲು ಕಣದ ವ್ಯಾಸ ಮೂರನೆಯ ಒಂದು ಭಾಗದಷ್ಟು ಹೆಚ್ಚಿದರೆ ಸಾಕು. ಒಂದು ನಿಮಿಷಕ್ಕೂ ಭೂಮಿಯ ಆಯುಷ್ಯಕ್ಕೂ ನಡುವೆ ಇರುವುದು ಇಷ್ಟೇ ಅಂತರ.

ಇದು ಶಿಲಾ ಕಾಂತಶಾಸ್ತ್ರದ ಅಡಿಪಾಯವಾಯಿತು. ಅದೇ ಸೂತ್ರ ಹಾರ್ಡ್ ಡಿಸ್ಕಿನಲ್ಲಿ ಒಂದು ಬಿಟ್ ಮಾಹಿತಿಯನ್ನು ಎಷ್ಟು ಚಿಕ್ಕ ಕಣಗಳಲ್ಲಿ ಬರೆಯಬಹುದು ಎಂಬ ಮಿತಿಯನ್ನು ಹೇಳುತ್ತದೆ. ವೈದ್ಯಕೀಯದಲ್ಲಿ ಕಾಂತೀಯ ನ್ಯಾನೊಕಣಗಳಿಂದ ಗಡ್ಡೆಯನ್ನು ಕಾಯಿಸುವ ಚಿಕಿತ್ಸೆಯ ಲೆಕ್ಕದಲ್ಲೂ ಈ ಕಾಲವೇ ನೀಲ್ ವಿಶ್ರಾಂತಿ ಕಾಲ ಎಂಬ ಹೆಸರಿನಲ್ಲಿ ಬರುತ್ತದೆ. ಭೂವಿಜ್ಞಾನಿ, ಎಂಜಿನಿಯರ್, ವೈದ್ಯಕೀಯ ಭೌತವಿಜ್ಞಾನಿ ಒಂದೇ ಸಮೀಕರಣವನ್ನು ಬಳಸುತ್ತಾರೆ, ಒಬ್ಬರ ಪತ್ರಿಕೆಯನ್ನು ಇನ್ನೊಬ್ಬರು ಓದುವುದು ಅಪರೂಪ.

ಪ್ರಭಾವ ಯಾವಾಗಲೂ ಮುಂದಕ್ಕೇ ತಳ್ಳುತ್ತದೆ ಎಂದೂ ಹೇಳಲಾಗದು. ಕೆಲವು ಹಳೆಯ ಲಾವಾ ಪದರಗಳು ಇಂದಿನ ಭೂಕ್ಷೇತ್ರಕ್ಕೆ ಎದುರು ದಿಕ್ಕಿನಲ್ಲಿ ಕಾಂತಗೊಂಡಿರುವುದನ್ನು ಬೆರ್ನಾರ್ ಬ್ರೂನ್ 1906ರಲ್ಲೇ ವರದಿ ಮಾಡಿದ್ದರು. ಭೂಮಿಯ ಧ್ರುವಗಳೇ ಹಿಂದೆ ಅದಲುಬದಲಾಗಿದ್ದವೇ? 1951ರಲ್ಲಿ ನೀಲ್, ಕ್ಷೇತ್ರ ಬದಲಾಗದಿದ್ದರೂ ಶಿಲೆ ತಣಿಯುವಾಗ ತಾನೇ ಎದುರು ದಿಕ್ಕನ್ನು ಹಿಡಿಯಬಲ್ಲ ಬಗೆಗಳನ್ನು ತಮ್ಮ ಉಪಜಾಲಕಗಳ ತರ್ಕದಿಂದಲೇ ವಿವರಿಸಿದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಜಪಾನಿನ ನಗಾಟ ಮತ್ತು ಸಂಗಡಿಗರಿಗೆ ಹರುನಾ ಪರ್ವತದ ಶಿಲೆಯಲ್ಲಿ ಇಂಥ ಸ್ವಯಂ ವಿಪರ್ಯಯ ನಿಜವಾಗಿಯೂ ಸಿಕ್ಕಿತು. ಫಲವಾಗಿ, ಧ್ರುವಗಳು ತಿರುವುಮುರುವಾದವು ಎಂಬ ವಾದದ ಮೇಲೆ ಒಂದು ದಶಕದ ಕಾಲ ಅನುಮಾನದ ನೆರಳು ಬಿತ್ತು. 1960ರ ದಶಕದಲ್ಲಿ ಕಾಕ್ಸ್, ಡೋಲ್ ಮತ್ತು ಡಾಲ್ರಿಂಪಲ್ ವಿವಿಧ ಪ್ರದೇಶಗಳ ಶಿಲೆಗಳ ವಯಸ್ಸನ್ನು ಅಳೆದು, ಒಂದೇ ವಯಸ್ಸಿನ ಶಿಲೆಗಳು ಎಲ್ಲ ಕಡೆಯೂ ಒಂದೇ ದಿಕ್ಕನ್ನು ತೋರುತ್ತವೆ ಎಂದು ಸ್ಥಾಪಿಸಿದ ಮೇಲೆ ಧ್ರುವ ವಿಪರ್ಯಯ ಖಚಿತವಾಯಿತು. ಸ್ವಯಂ ವಿಪರ್ಯಯ ಸಾಧ್ಯ, ಆದರೆ ವಿರಳ. ನೀಲ್ ಹೇಳಿದ್ದರಲ್ಲಿ ಭೌತಶಾಸ್ತ್ರದ ತಪ್ಪೇನೂ ಇರಲಿಲ್ಲ. ಅಂಥ ಸರಿಯಾದ ವಿವರಣೆಯೇ ಇನ್ನೊಂದು ಶಾಸ್ತ್ರದ ಸರಿಯಾದ ತೀರ್ಮಾನವನ್ನು ಕೆಲಕಾಲ ತಡೆದು ನಿಲ್ಲಿಸಿತು.

ಹೆಸರು ಉಳಿದು, ಲೇಖನ ಮರೆಯಾದಾಗ

1970ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯ ಅರ್ಧ ಭಾಗ ಹಾನ್ನೆಸ್ ಆಲ್ವೆನ್ ಅವರಿಗೆ, ಇನ್ನರ್ಧ ನೀಲ್ ಅವರಿಗೆ ಸಂದಿತು. ಗ್ರೆನೋಬಲ್‌ನಲ್ಲಿ ಅವರು ಯುದ್ಧಾನಂತರ ಕಟ್ಟಿದ ಪ್ರಯೋಗಾಲಯಗಳು, 1956ರಿಂದ ಮುನ್ನಡೆಸಿದ ಪರಮಾಣು ಸಂಶೋಧನಾ ಕೇಂದ್ರ, 1967ರಲ್ಲಿ ಆ ಊರಿನಲ್ಲೇ ಸ್ಥಾಪನೆಯಾದ ಲಾವೆ-ಲಾಂಜೆವಾ ನ್ಯೂಟ್ರಾನ್ ಸಂಸ್ಥೆ ಇವೆಲ್ಲವನ್ನೂ ಪ್ರಭಾವದ ಲೆಕ್ಕಕ್ಕೆ ಸೇರಿಸಬೇಕು; ತಮ್ಮ ಕಲ್ಪನೆಯನ್ನು ಸಾಬೀತುಮಾಡಿದ ಸಾಧನ ತಮ್ಮ ಊರಿನಲ್ಲೂ ಇರುವಂತಾಯಿತು.

ನೊಬೆಲ್ ಉಪನ್ಯಾಸದಲ್ಲಿ ನೀಲ್, ಆಂಟಿಫೆರೋಕಾಂತೀಯ ವಸ್ತುಗಳು ಸಿದ್ಧಾಂತದ ದೃಷ್ಟಿಯಿಂದ ಬಹಳ ಸ್ವಾರಸ್ಯಕರ, ಆದರೆ ಅವುಗಳಿಂದ ಯಾವ ಉಪಯೋಗವೂ ಇರುವಂತೆ ಕಾಣುವುದಿಲ್ಲ ಎಂಬ ಅರ್ಥದ ಮಾತು ಹೇಳಿದರು. ಇದನ್ನು ದೊಡ್ಡ ವಿಜ್ಞಾನಿಯ ದೂರದೃಷ್ಟಿಯ ಕೊರತೆ ಎಂದು ಹಾಸ್ಯಕ್ಕೆ ಉಲ್ಲೇಖಿಸುವುದುಂಟು. ನನಗೆ ಅದು ಪ್ರಾಮಾಣಿಕವಾದ ಅಂದಾಜು ಎನಿಸುತ್ತದೆ. ಮೈಕ್ಲ್‌ಜಾನ್ ಮತ್ತು ಬೀನ್ 1956ರಲ್ಲೇ, ಕೋಬಾಲ್ಟ್ ಕಣದ ಮೇಲೆ ಆಂಟಿಫೆರೋಕಾಂತೀಯ ಕೋಬಾಲ್ಟ್ ಆಕ್ಸೈಡಿನ ಪೊರೆಯಿದ್ದರೆ ಕಣದ ಹಿಸ್ಟೆರಿಸಿಸ್ ಕುಣಿಕೆ (ಹೊರಗಿನ ಕ್ಷೇತ್ರವನ್ನು ಏರಿಸಿ ಇಳಿಸಿದಾಗ ಕಾಂತತ್ವ ಬರೆಯುವ ರೇಖೆ) ಒಂದು ಪಕ್ಕಕ್ಕೆ ಸರಿಯುತ್ತದೆ ಎಂದು ಕಂಡಿದ್ದರು ನಿಜ. ಆ ಪರಿಣಾಮಕ್ಕೆ ತಕ್ಕ ಕೆಲಸ 1970ರಲ್ಲಿ ಇನ್ನೂ ಹುಟ್ಟಿರಲಿಲ್ಲ. ಅದು ಹುಟ್ಟಿದ್ದು 1988ರಲ್ಲಿ ಫೆರ್ ಮತ್ತು ಗ್ರೂನ್‌ಬರ್ಗ್ ತೆಳುಪದರಗಳಲ್ಲಿ ದೈತ್ಯ ಕಾಂತರೋಧವನ್ನು, ಅಂದರೆ ಕಾಂತಕ್ಷೇತ್ರದಿಂದ ವಿದ್ಯುತ್ ರೋಧ ಬಹಳವಾಗಿ ಬದಲಾಗುವುದನ್ನು, ಕಂಡ ನಂತರ. ಈ ಪರಿಣಾಮವನ್ನು ಬಳಸುವ ಸಾಧನವಾದ 1991ರ ಸ್ಪಿನ್ ವಾಲ್ವ್‌ನಲ್ಲಿ ಒಂದು ಕಾಂತೀಯ ಪದರದ ದಿಕ್ಕನ್ನು ಕದಲದಂತೆ ಹಿಡಿದಿಡುವುದು ಆಂಟಿಫೆರೋಕಾಂತೀಯ ಪದರ. 1990ರ ದಶಕದ ಕೊನೆಯಿಂದ ಹಾರ್ಡ್ ಡಿಸ್ಕುಗಳ ಓದುವ ತಲೆಗಳಲ್ಲಿ ಅದು ಮನೆಮನೆ ಸೇರಿತು.

ಉಲ್ಲೇಖಗಳ ಎಣಿಕೆ ಈ ಪ್ರಕರಣದಲ್ಲಿ ಏಕೆ ಸೋಲುತ್ತದೆ ಎಂಬುದು ಈಗ ಸ್ಪಷ್ಟ. ಮೂಲ ಲೇಖನಗಳು ಫ್ರೆಂಚ್ ಭಾಷೆಯಲ್ಲಿವೆ. ಅಮೆರಿಕದ ಭೌತವಿಜ್ಞಾನಿ ವಾನ್ ವ್ಲೆಕ್ 1941ರಲ್ಲಿ ಇಂಗ್ಲಿಷಿನಲ್ಲಿ ಬರೆದ ಲೇಖನದ ಮೂಲಕ ಸಿದ್ಧಾಂತವನ್ನು ತಿಳಿದವರು ಹಲವರು. ಅದಕ್ಕಿಂತ ಮುಖ್ಯವಾದ ಕಾರಣ, ಸಮಾಜಶಾಸ್ತ್ರಜ್ಞ ರಾಬರ್ಟ್ ಮೆರ್ಟನ್ ಗುರುತಿಸಿದ ಹಾಗೆ, ಒಂದು ವಿಚಾರ ಶಾಸ್ತ್ರದ ಒಡಲಲ್ಲಿ ಪೂರ್ತಿ ಬೆರೆತಾಗ ಅದರ ಮೂಲವನ್ನು ಉಲ್ಲೇಖಿಸುವುದು ನಿಂತುಹೋಗುತ್ತದೆ. ಹೊಸ ವಸ್ತುವೊಂದರ ನೀಲ್ ತಾಪಮಾನವನ್ನು ವರದಿ ಮಾಡುವ ಸಂಶೋಧಕ 1936ರ ಲೇಖನವನ್ನು ಪಟ್ಟಿಯಲ್ಲಿ ಸೇರಿಸುವುದಿಲ್ಲ. ತೆಳು ಪದರಗಳಲ್ಲಿ ಎರಡು ಕಾಂತ ವಲಯಗಳ ನಡುವಿನ ನೀಲ್ ಗೋಡೆ, ಆಂಟಿಫೆರೋಕಾಂತತ್ವದ ದಿಕ್ಕನ್ನು ಸೂಚಿಸುವ ನೀಲ್ ಸದಿಶ ಇವೂ ಹಾಗೆಯೇ. ಆದ್ದರಿಂದ ಇಂಥ ಸಂಶೋಧನೆಯನ್ನು ಮೌಲ್ಯಮಾಪನ ಮಾಡುವವರು ಅದು ಎಷ್ಟು ಬಾರಿ ಹೆಸರಿಸಲ್ಪಟ್ಟಿದೆ ಎಂಬುದಕ್ಕಿಂತ, ಅದನ್ನು ತೆಗೆದುಹಾಕಿದರೆ ಯಾವ ಯಾವ ಲೆಕ್ಕಗಳು ನಿಂತುಹೋಗುತ್ತವೆ ಎಂದು ಕೇಳುವುದು ಮೇಲು.

ಆ ಲೆಕ್ಕಗಳ ಪಟ್ಟಿ ಇನ್ನೂ ಬೆಳೆಯುತ್ತಿದೆ. 2016ರಲ್ಲಿ ತಾಮ್ರ, ಮ್ಯಾಂಗನೀಸ್ ಮತ್ತು ಆರ್ಸೆನಿಕ್‌ನ ಸಂಯುಕ್ತವೊಂದರಲ್ಲಿ ವಿದ್ಯುತ್ ಪ್ರವಾಹದಿಂದಲೇ ನೀಲ್ ಸದಿಶದ ದಿಕ್ಕನ್ನು ಬದಲಿಸಿ ತೋರಿಸಲಾಯಿತು. ಒಟ್ಟು ಕಾಂತತ್ವ ಸೊನ್ನೆಯಾದ್ದರಿಂದ ಇಂಥ ಮೆಮೊರಿ ಪಕ್ಕದ ಕೋಶವನ್ನು ಕದಲಿಸುವುದಿಲ್ಲ, ಹೊರಗಿನ ಕ್ಷೇತ್ರಕ್ಕೆ ಸುಲಭವಾಗಿ ಜಗ್ಗುವುದೂ ಇಲ್ಲ. ಅದನ್ನು ಓದುವುದು ಮಾತ್ರ ಕಷ್ಟ. 2024ರಲ್ಲಿ ಮ್ಯಾಂಗನೀಸ್ ಟೆಲ್ಯುರೈಡಿನ ಮೇಲೆ ನಡೆದ ಪ್ರಯೋಗಗಳು ಈ ಕಷ್ಟಕ್ಕೆ ಹೊಸ ದಾರಿಯೊಂದನ್ನು ಮುಂದಿಟ್ಟಿವೆ. ಅಲ್ಲಿಯೂ ಉಪಜಾಲಕಗಳು ಎರಡೇ, ಮೊತ್ತ ಸೊನ್ನೆಯೇ. ಆದರೆ ಒಂದನ್ನು ಬರೀ ಪಕ್ಕಕ್ಕೆ ಸರಿಸಿದರೆ ಇನ್ನೊಂದರ ಮೇಲೆ ಕೂಡುವುದಿಲ್ಲ, ತಿರುಗಿಸಲೂ ಬೇಕು. ಆ ಒಂದು ವ್ಯತ್ಯಾಸದಿಂದ ಎಲೆಕ್ಟ್ರಾನುಗಳ ಶಕ್ತಿಮಟ್ಟಗಳು ಫೆರೋಕಾಂತೀಯ ವಸ್ತುವಿನಲ್ಲಿ ಆಗುವಂತೆ ಸ್ಪಿನ್‌ಗೆ ತಕ್ಕ ಹಾಗೆ ಸೀಳುತ್ತವೆ. ಆಲ್ಟರ್‌ಮ್ಯಾಗ್ನೆಟ್ ಎಂಬ ಹೆಸರು ಪಡೆದಿರುವ ಈ ವರ್ಗ ಫೆರೋ ಮತ್ತು ಆಂಟಿಫೆರೋ ಎಂಬ ಹಳೆಯ ವಿಂಗಡಣೆಯಲ್ಲಿ ಎಲ್ಲಿ ಸೇರಬೇಕು ಎಂಬ ಚರ್ಚೆ ಈಗ ನಡೆಯುತ್ತಿದೆ, ಅದನ್ನು ನಡೆಸಲು ಎರಡೂ ಕಡೆಯವರು ಬಳಸುತ್ತಿರುವುದು ಉಪಜಾಲಕಗಳ ಭಾಷೆಯನ್ನೇ.